ಬದಿ ಬದಲಿಸುವ ಮುಂಚೆ ಬಸ್ಸಿನ ಬಾಗಿಲು ನೋಡಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ಯಾವ ದೇಶದ ಸಚಿವರು ಅಂತ ಬರೆದಿಲ್ಲ, ಬೇಕಂತಲೇ ಬರೆದಿಲ್ಲ. ಎಡಕ್ಕೆ ಓಡುವ ಗಾಡಿಗಳನ್ನು ಬಲಕ್ಕೆ ತರಬೇಕು, ಅಥವಾ ಬಲಕ್ಕೆ ಓಡುವುದನ್ನು ಎಡಕ್ಕೆ ತರಬೇಕು ಅನ್ನುವ ಕಡತ ಯಾರ ಮೇಜಿನ ಮೇಲಿದೆಯೋ ಅವರಿಗೆ ಈ ಪತ್ರ. ಇದು ಮುಗಿದುಹೋದ ಕಾಲದ ವಿಷಯ ಅಂತ ಅನಿಸಬಹುದು. ಆದರೆ ರುವಾಂಡಾ ಮತ್ತು ಬುರುಂಡಿಯಲ್ಲಿ ಈ ಮಾತು ಈ ಶತಮಾನದಲ್ಲೇ ಎದ್ದಿದೆ. ಅವು ಬಲಕ್ಕೆ ಓಡುವ ದೇಶಗಳು. ಅಕ್ಕಪಕ್ಕದ ಉಗಾಂಡಾ, ತಾಂಜಾನಿಯಾ, ಆಚೆಯ ಕೀನ್ಯಾ ಎಲ್ಲವೂ ಎಡಕ್ಕೆ ಓಡುತ್ತವೆ. ಸಮುದ್ರವಿಲ್ಲದ ಆ ದೇಶಗಳಿಗೆ ಸರಕು ಬರುವುದು ಅದೇ ನೆರೆಯವರ ಬಂದರುಗಳಿಂದ. ಹಾಗಾಗಿ ಪ್ರಶ್ನೆ ಇನ್ನೂ ಜೀವಂತವಾಗಿಯೇ ಇದೆ.

ನಾನು ರಸ್ತೆ ಇಂಜಿನಿಯರ್ ಅಲ್ಲ. ರಸ್ತೆ ದಾಟುವ ಮನುಷ್ಯ, ಅಷ್ಟೇ. ಒಮ್ಮೆ ನನಗೆ ರೂಢಿಯಿಲ್ಲದ ಬದಿಯಲ್ಲಿ ಗಾಡಿ ಓಡುವ ದೇಶಕ್ಕೆ ಹೋಗಿದ್ದೆ. ಫುಟ್‌ಪಾತ್ ಅಂಚಿಗೆ ಬಂದು, ಚಿಕ್ಕಂದಿನಿಂದ ಯಾವ ಕಡೆ ಮೊದಲು ನೋಡುತ್ತಿದ್ದೆನೋ ಆ ಕಡೆಯೇ ನೋಡಿದೆ. ರಸ್ತೆ ಖಾಲಿ ಇತ್ತು. ಕಾಲಿಟ್ಟೆ. ಇನ್ನೊಂದು ಕಡೆಯಿಂದ ಬಸ್ಸು ಬರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ, ಗುರುತು ಪರಿಚಯ ಇಲ್ಲದ ಹೆಂಗಸೊಬ್ಬರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಇಲ್ಲಿ ಗಾಡಿಗಳು ಯಾವ ಕಡೆ ಓಡುತ್ತವೆ ಅಂತ ಯಾರಾದರೂ ಕೇಳಿದ್ದರೆ ನಾನು ಸರಿಯಾಗಿಯೇ ಹೇಳುತ್ತಿದ್ದೆ. ಆದರೂ ಕುತ್ತಿಗೆ ಹಳೇ ಕಡೆಗೇ ತಿರುಗಿತು. ಅವತ್ತಿನಿಂದ ಈ ವಿಷಯ ಎಲ್ಲಿ ಸಿಕ್ಕರೂ ಓದುತ್ತಾ ಬಂದಿದ್ದೇನೆ, ಮತ್ತು ಓದಿದಷ್ಟೂ ಒಂದೇ ಮಾತು ಗಟ್ಟಿಯಾಗುತ್ತಾ ಹೋಯಿತು. ಬದಿ ಬದಲಿಸಲು ಒಂದು ದೇಶಕ್ಕೆ ಒಳ್ಳೆಯ ಕಾರಣ ಇರಬಹುದು. ಆದರೆ ಆ ಕಾರಣ ಗಾಡಿ ಇರುವವರದ್ದಾಗಿರುತ್ತದೆ, ಬೆಲೆ ಮಾತ್ರ ನಡೆದು ಹೋಗುವವರು, ಬಸ್ ಹತ್ತುವವರು, ಸೈಕಲ್ ತುಳಿಯುವವರು ತೆರುತ್ತಾರೆ. ಈ ಲೆಕ್ಕವನ್ನು ನೀವು ಮೊದಲೇ ಹಾಕಿ ಅನ್ನುವುದಕ್ಕೇ ಈ ಪತ್ರ.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಎಡವೂ ಮೇಲಲ್ಲ, ಬಲವೂ ಮೇಲಲ್ಲ. ಲೋಕದ ಜನರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಬಲಕ್ಕೆ ಓಡುವ ದೇಶಗಳಲ್ಲಿದ್ದಾರೆ, ಉಳಿದವರು ಎಡಕ್ಕೆ ಓಡುವ ದೇಶಗಳಲ್ಲಿ. ಎರಡೂ ಕಡೆ ಜನ ದಿನವೂ ಕೆಲಸಕ್ಕೆ ಹೋಗಿ ಮನೆಗೆ ಬರುತ್ತಾರೆ. ಬದಿಗೆ ಇರುವ ಬೆಲೆಯೆಲ್ಲ ಎದುರಿಗೆ ಬರುವವನೂ ಅದನ್ನೇ ಪಾಲಿಸುತ್ತಾನೆ ಅನ್ನುವ ನಂಬಿಕೆಯಲ್ಲಿದೆ.

ಈ ಎರಡು ಪದ್ಧತಿ ಹೇಗೆ ಹುಟ್ಟಿದವು ಅನ್ನುವುದಕ್ಕೆ ಕಥೆಗಳು ಬಹಳ. ಕುದುರೆ ಮೇಲೆ ಹೋಗುವವನು ಕತ್ತಿ ಹಿಡಿಯುವ ಬಲಗೈ ಎದುರಿನವನ ಕಡೆಗಿರಲಿ ಅಂತ ಎಡಕ್ಕೆ ಇದ್ದ ಅನ್ನುತ್ತಾರೆ. ಹಲವು ಜೋಡಿ ಕುದುರೆಗಳ ದೊಡ್ಡ ಬಂಡಿ ಹೊಡೆಯುವವನು ಎಡಗಡೆಯ ಕುದುರೆ ಮೇಲೆ ಕೂರುತ್ತಿದ್ದ, ಎದುರು ಬಂಡಿಯ ಗಾಲಿ ತನ್ನ ಗಾಲಿಗೆ ತಾಗದಂತೆ ನೋಡಿಕೊಳ್ಳಲು ಬಲಕ್ಕೆ ಸರಿದ ಅನ್ನುವುದು ಇನ್ನೊಂದು. ಕಥೆಗಳು ಚೆನ್ನಾಗಿವೆ, ಎಷ್ಟು ನಿಜವೋ ಬೇರೆ ಮಾತು. ಕಾಗದದ ಮೇಲೆ ಇರುವುದು ಇಷ್ಟು: ಲಂಡನ್ ಸೇತುವೆಯ ಮೇಲೆ ಗಾಡಿಗಳು ಎಡಕ್ಕೆ ಹೋಗಬೇಕು ಅಂತ 1722ರಲ್ಲಿ ಆದೇಶ ಬಂತು, 1835ರ ಕಾಯ್ದೆ ಅದನ್ನು ಬ್ರಿಟನ್ನಿನ ರಸ್ತೆಗಳ ನಿಯಮವಾಗಿಸಿತು. ಅಮೆರಿಕದ ಪೆನ್ಸಿಲ್ವೇನಿಯಾ 1792ರಲ್ಲಿ ತನ್ನ ಸುಂಕದ ರಸ್ತೆಯೊಂದಕ್ಕೆ ಬಲಬದಿ ಅಂತ ಬರೆಯಿತು. ಆಮೇಲೆ ಆಳುವವರು ಹೋದಲ್ಲೆಲ್ಲ ಅವರ ಬದಿಯೂ ಹೋಯಿತು. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಎಡಗಡೆ ಸ್ಟೀರಿಂಗ್ ಇಟ್ಟುಕೊಂಡು ಬಂತು, ಅಗ್ಗದ ಕಾರು, ಲಕ್ಷಗಟ್ಟಲೆ ಮಾರಾಟವಾಯಿತು. ಬಲಬದಿಗೆ ಅದೂ ಬಲ ಕೊಟ್ಟಿತು.

ಬದಿಯಲ್ಲೇ ಮೇಲು ಕೀಳು ಇಲ್ಲದ ಮೇಲೆ ಅದನ್ನು ಬದಲಿಸುವ ಕಾರಣವೂ ಹೊರಗಿನಿಂದಲೇ ಬರಬೇಕು ಅಲ್ವಾ? ಒಂದೊಂದಾಗಿ ನೋಡಿದರೆ ಆ ಕಾರಣಗಳು ಬೆರಳೆಣಿಕೆಯಷ್ಟೇ.

ಎಲ್ಲಕ್ಕಿಂತ ಗಟ್ಟಿಯಾದದ್ದು ನೆರೆಹೊರೆ. ಸ್ವೀಡನ್ ಎಡಕ್ಕೆ ಓಡುತ್ತಿತ್ತು. ಗಡಿ ಹಂಚಿಕೊಂಡ ನಾರ್ವೆ, ಫಿನ್‌ಲೆಂಡ್ ಎರಡೂ ಬಲಕ್ಕೆ. ವರ್ಷಕ್ಕೆ ಸುಮಾರು 50 ಲಕ್ಷ ಗಾಡಿಗಳು ಆ ಗಡಿ ದಾಟುತ್ತಿದ್ದವು, ಪ್ರತಿ ಗಾಡಿಯೂ ಗಡಿಯಲ್ಲಿ ತನ್ನ ಅಭ್ಯಾಸವನ್ನು ತಿರುವಿ ಹಾಕಬೇಕಿತ್ತು. ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿತ್ತು. ಸ್ವೀಡನ್ನಿನ ಹೆಚ್ಚಿನ ಕಾರುಗಳಿಗೆ ಸ್ಟೀರಿಂಗ್ ಇದ್ದದ್ದು ಎಡಗಡೆ, ಅಂದರೆ ಬಲಕ್ಕೆ ಓಡುವ ರಸ್ತೆಗೆ ಹೊಂದುವ ಕಾರುಗಳನ್ನೇ ಜನ ಎಡಕ್ಕೆ ಓಡಿಸುತ್ತಿದ್ದರು. ಚಾಲಕ ರಸ್ತೆಯ ನಡುಗೆರೆಯ ಕಡೆ ಕೂತಿದ್ದರೆ ಮಾತ್ರ ಮುಂದಿನ ಲಾರಿಯ ಆಚೆ ಏನು ಬರುತ್ತಿದೆ ಅಂತ ಸ್ವಲ್ಪ ಇಣುಕಿ ನೋಡಬಹುದು. ಇವರು ಕೂತಿದ್ದದ್ದು ರಸ್ತೆಯಂಚಿನ ಕಡೆ. ಎದುರಿಗೆ ಬರುವುದು ಕಾಣಬೇಕಾದರೆ ಇಡೀ ಕಾರನ್ನೇ ಆಚೆ ಲೇನಿಗೆ ತೂರಿಸಬೇಕು. ಕಿರಿದಾದ ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವುದು ಅಂದರೆ ಜೀವ ಪಣಕ್ಕಿಟ್ಟ ಹಾಗೆ. ಇದು ನಿಜವಾದ ಕಾರಣ, ದಿನನಿತ್ಯ ರಸ್ತೆಯ ಮೇಲೆ ಕಾಣುವ ಕಾರಣ.

ಪಶ್ಚಿಮ ಆಫ್ರಿಕಾದಲ್ಲೂ ನೆರೆಹೊರೆಯದ್ದೇ ಮಾತು. ಬ್ರಿಟಿಷರು ಆಳಿದ ಕಡೆ ಎಡ, ಫ್ರೆಂಚರು ಆಳಿದ ಕಡೆ ಬಲ. ಸ್ವಾತಂತ್ರ್ಯ ಬಂದ ಮೇಲೆ ನೋಡಿದರೆ ನೈಜೀರಿಯಾದ ನಾಲ್ಕೂ ಸುತ್ತ ಬೆನಿನ್, ನೈಜರ್, ಚಾಡ್, ಕ್ಯಾಮರೂನ್, ಎಲ್ಲವೂ ಬಲ. ಘಾನಾದ ಸುತ್ತ ಟೋಗೊ, ಐವರಿ ಕೋಸ್ಟ್, ಬುರ್ಕಿನಾ ಫಾಸೊ, ಅವೂ ಬಲ. ಸಿಯೆರಾ ಲಿಯೋನ್ 1971ರಲ್ಲಿ, ನೈಜೀರಿಯಾ 1972ರ ಏಪ್ರಿಲ್ 2ರಂದು, ಘಾನಾ 1974ರ ಆಗಸ್ಟ್ 4ರಂದು ಬಲಕ್ಕೆ ಬಂದವು. ಯಾರೋ ಬಂದು ಗೆದ್ದು ಹೇರಿದ್ದಲ್ಲ ಇದು, ಪಕ್ಕದ ಮನೆಯವರ ಜೊತೆ ಓಡಾಡುವುದಕ್ಕೆ ತಾವೇ ಮಾಡಿಕೊಂಡದ್ದು. ನನಗೆ ಇದರ ಬಗ್ಗೆ ಗೌರವ ಇದೆ.

ಎರಡನೆಯದು ಗಾಡಿ ಎಲ್ಲಿಂದ ಬರುತ್ತದೆ ಅನ್ನುವುದು. ಸಮೋವಾ ಒಂದು ಸಣ್ಣ ದ್ವೀಪ ದೇಶ, 2009ರಲ್ಲಿ ಸುಮಾರು 1.8 ಲಕ್ಷ ಜನ. ಒಂದು ಕಾಲದಲ್ಲಿ ಜರ್ಮನರು ಆಳಿದ್ದರಿಂದ ಬಲಕ್ಕೆ ಓಡುತ್ತಿತ್ತು. ಆದರೆ ಸಮೋವಾದವರ ಬಂಧು ಬಳಗವೆಲ್ಲ ಇರುವುದು ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ, ಅವೆರಡೂ ಎಡಕ್ಕೆ ಓಡುವ ದೇಶಗಳು. ಅಲ್ಲಿ ದುಡಿಯುವ ಅಣ್ಣನೋ ತಂಗಿಯೋ ತಾವು ಬಳಸಿದ ಕಾರನ್ನು ಮನೆಯವರಿಗೆ ಕಳಿಸಿದರೆ ಖರ್ಚು ಕಡಿಮೆ. ಆಗಿನ ಪ್ರಧಾನಿ ತುಯಿಲೇಪಾ ಈ ಕಾರಣವನ್ನು ಮುಚ್ಚುಮರೆ ಇಲ್ಲದೆ ಹೇಳಿ, 2009ರ ಸೆಪ್ಟೆಂಬರ್ 7ರಂದು ಇಡೀ ದೇಶವನ್ನು ಎಡಕ್ಕೆ ತಂದರು. ಜನ ಬೀದಿಗಿಳಿದರು, ಬದಲಾವಣೆ ವಿರೋಧಿಸಿ ಸಂಘ ಕಟ್ಟಿದರು, ಕೋರ್ಟಿಗೂ ಹೋದರು. ಆದರೂ ಒಂದು ವಿಷಯದಲ್ಲಿ ಸಮೋವಾ ಸರ್ಕಾರವನ್ನು ಒಪ್ಪುತ್ತೇನೆ: ಯಾಕೆ ಅಂತ ಕೇಳಿದವರಿಗೆ ಅರ್ಥವಾಗುವ ಉತ್ತರ ಅದರ ಬಳಿ ಇತ್ತು. ಒಪ್ಪುವುದು ಬಿಡುವುದು ಆಮೇಲಿನ ಮಾತು.

ಮೂರನೆಯದು ಅಧಿಕಾರ. ಆಸ್ಟ್ರಿಯಾ ದೇಶ 1938ರವರೆಗೆ ಅರ್ಧ ಹಾಗೆ, ಅರ್ಧ ಹೀಗೆ ಓಡುತ್ತಿತ್ತು. ಸ್ವಿಟ್ಜರ್ಲೆಂಡ್ ಪಕ್ಕದ ಫೋರಾರ್ಲ್‌ಬರ್ಗ್ ಪ್ರಾಂತ್ಯ 1921ರಲ್ಲೇ ಬಲಕ್ಕೆ ಹೋಗಿತ್ತು, ಟೈರೋಲ್ 1930ರಲ್ಲಿ, ವಿಯೆನ್ನಾ ಇನ್ನೂ ಎಡದಲ್ಲೇ ಇತ್ತು. ಹಿಟ್ಲರ್ ದೇಶವನ್ನು ನುಂಗಿದ ಮೇಲೆ ವಿಯೆನ್ನಾವೂ ಬಲಕ್ಕೆ ಹೋಯಿತು, ಆದರೆ ಟ್ರಾಮ್‌ಗಳನ್ನು ತಕ್ಷಣ ತಿರುಗಿಸಲು ಆಗದೆ ಅವು ಇನ್ನೂ ಸ್ವಲ್ಪ ಕಾಲ ಎಡಕ್ಕೇ ಓಡಿದವು. ಒಂದೇ ಬೀದಿಯಲ್ಲಿ ಕಾರು ಒಂದು ಬದಿ, ಟ್ರಾಮ್ ಇನ್ನೊಂದು ಬದಿ. ಟ್ರಾಮ್ ಇಳಿದು ಮನೆಗೆ ಹೋಗಬೇಕಾದ ಹೆಂಗಸು, ಮಗು, ಮುದುಕ ಏನು ಮಾಡಬೇಕು? ಮರುವರ್ಷ ಚೆಕೊಸ್ಲೊವಾಕಿಯಾಕ್ಕೂ ಜರ್ಮನ್ ಸೇನೆಯ ಜೊತೆಗೇ ಬಲಬದಿ ಬಂತು.

ಒಕಿನಾವಾ ದ್ವೀಪದ್ದು ಇದಕ್ಕೆ ತಿರುಗುಮುರುಗು. ಅದು ಜಪಾನಿನದ್ದು, ಜಪಾನ್ ಎಡಕ್ಕೆ ಓಡುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಸೇನೆ ಬಂದು ಕೂತ ಮೇಲೆ ಒಕಿನಾವಾ ಬಲಕ್ಕೆ ಹೋಯಿತು. 1972ರಲ್ಲಿ ಜಪಾನಿಗೆ ಮರಳಿ ಬಂದರೂ ರಸ್ತೆ ಮಾತ್ರ ಬಲದಲ್ಲೇ ಉಳಿಯಿತು. ಒಂದು ದೇಶದಲ್ಲಿ ಒಂದೇ ಬದಿ ಇರಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ಒಪ್ಪಂದ. ಕೊನೆಗೆ 1978ರ ಜುಲೈ 30ರಂದು ಬದಲಿಸಿದರು. ಏಳನೇ ತಿಂಗಳು, ಮೂವತ್ತನೇ ದಿನ, ಅದಕ್ಕೆ ಜನ ಇವತ್ತಿಗೂ ಅದನ್ನು 730 ಅಂತಲೇ ಕರೆಯುತ್ತಾರೆ. ಆಗ ತರಿಸಿದ, ಬಾಗಿಲು ಬದಲಾದ ಹೊಸ ಬಸ್ಸುಗಳಿಗೂ 730 ಬಸ್ಸು ಅನ್ನುವ ಹೆಸರು ಅಂಟಿಕೊಂಡಿತು. ಬಸ್ಸಿನ ಬಾಗಿಲು ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನು ಕಾರಣವೇ ತಿಳಿಯದ ಬದಲಾವಣೆ. ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, 1970ರ ಡಿಸೆಂಬರ್ 6ರಂದು ಎಡದಿಂದ ಬಲಕ್ಕೆ ಹೋಯಿತು. ಸೇನಾಧಿಕಾರಿ ನೆ ವಿನ್ ಆಳುತ್ತಿದ್ದ ಕಾಲ. ಯಾಕೆ ಅನ್ನುವುದಕ್ಕೆ ಜನರ ಬಾಯಲ್ಲಿ ಜ್ಯೋತಿಷಿಯ ಕಥೆಯೂ ಇದೆ, ರಾಜಕೀಯದ ಕಥೆಯೂ ಇದೆ. ನೆರೆಯ ಥಾಯ್ಲೆಂಡ್, ಭಾರತ, ಈಗಿನ ಬಾಂಗ್ಲಾದೇಶ ಮೂರೂ ಎಡಕ್ಕೆ ಓಡುವಾಗ ಇವರು ಅವರಿಂದ ದೂರ ಸರಿದರು. ಆಮೇಲೆ ಹಲವು ದಶಕ ಆ ದೇಶದ ಹೆಚ್ಚಿನ ಗಾಡಿಗಳು ಜಪಾನಿನಿಂದ ಬಂದ, ಬಲಗಡೆ ಸ್ಟೀರಿಂಗ್ ಇರುವ ಹಳೆಯ ಗಾಡಿಗಳೇ. ಸ್ವೀಡನ್ ಯಾವ ತೊಂದರೆಯಿಂದ ತಪ್ಪಿಸಿಕೊಳ್ಳಲು ಅಷ್ಟು ಕಷ್ಟಪಟ್ಟಿತೋ ಅದೇ ತೊಂದರೆಯೊಳಗೆ ಬರ್ಮಾ ತಾನಾಗಿ ಕಾಲಿಟ್ಟಿತು. ಚಾಲಕನಿಗೆ ಓವರ್‌ಟೇಕ್ ಮಾಡುವಾಗ ಎದುರು ಕಾಣುತ್ತಿರಲಿಲ್ಲ, ಎಷ್ಟೋ ಬಸ್ಸುಗಳ ಬಾಗಿಲು ರಸ್ತೆಯ ನಡುವಿಗೆ ತೆರೆಯುತ್ತಿತ್ತು. ಫುಟ್‌ಪಾತಿಗೆ ಇಳಿಯಬೇಕಾದವರು ಓಡುವ ಗಾಡಿಗಳ ನಡುವೆ ಇಳಿಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ಮುಖ್ಯವಾದದ್ದು ಇದೇ.

ಬದಿ ಬದಲಿಸುವುದು ಅಂದರೆ ಬೋರ್ಡ್ ಕಿತ್ತು ಆಚೆ ನೆಡುವುದು, ಬಣ್ಣ ಬಳಿಯುವುದು ಅಂತ ಹೊರಗಿನಿಂದ ಕಾಣುತ್ತದೆ. ಆ ಕೆಲಸವೇ ದೊಡ್ಡದು, ಸ್ವೀಡನ್ನಿನಲ್ಲಿ ಸುಮಾರು 3,60,000 ಫಲಕಗಳನ್ನು ಬದಲಿಸಬೇಕಾಯಿತು. ಆದರೆ ಗಾಡಿಯೇ ಒಂದು ಬದಿಗೆ ಅಂತ ಹುಟ್ಟಿರುತ್ತದೆ. ಹೆಡ್‌ಲೈಟ್ ತೆಗೆದುಕೊಳ್ಳಿ. ಡಿಮ್ ಮಾಡಿದಾಗ ಅದರ ಬೆಳಕು ಎರಡೂ ಕಡೆ ಒಂದೇ ಸಮ ಬೀಳುವುದಿಲ್ಲ. ರಸ್ತೆಯಂಚಿನ ಕಡೆ ಸ್ವಲ್ಪ ಎತ್ತರಕ್ಕೆ, ದೂರಕ್ಕೆ ಹೋಗುತ್ತದೆ, ಅಲ್ಲಿ ನಡೆಯುವವರು ಕಾಣಲಿ ಅಂತ. ಎದುರು ಬರುವ ಕಡೆ ತಗ್ಗಿರುತ್ತದೆ, ಎದುರಿನವನ ಕಣ್ಣಿಗೆ ಹೊಡೆಯದಿರಲಿ ಅಂತ. ಬದಿ ಬದಲಿಸಿ ದೀಪ ಹಾಗೇ ಬಿಟ್ಟರೆ ಎರಡೂ ಉಲ್ಟಾ. ಎದುರಿನವನ ಕಣ್ಣಿಗೆ ಬೆಳಕು, ಅಂಚಿನಲ್ಲಿ ನಡೆಯುವವನ ಮೇಲೆ ಕತ್ತಲು. ರಾತ್ರಿ ಪಾಳಿ ಮುಗಿಸಿ ರಸ್ತೆಯಂಚಿನಲ್ಲಿ ನಡೆದು ಬರುವವರನ್ನು ನೆನೆಸಿಕೊಳ್ಳಿ.

ರೈಲ್ವೆ ಗೇಟು ನೋಡಿ. ಎಷ್ಟೋ ಕಡೆ ಗೇಟಿನ ಕಂಬ ಇಡೀ ರಸ್ತೆಗೆ ಅಡ್ಡ ಬರುವುದಿಲ್ಲ, ಹಳಿಯ ಕಡೆ ಬರುವ ಅರ್ಧಕ್ಕೆ ಮಾತ್ರ ಬರುತ್ತದೆ, ಒಳಗೆ ಸಿಕ್ಕಿಕೊಂಡ ಗಾಡಿ ಇನ್ನರ್ಧದಲ್ಲಿ ಹೊರಗೆ ಹೋಗಲಿ ಅಂತ. ಬದಿ ಬದಲಾದ ಬೆಳಿಗ್ಗೆ ಅದೇ ಗೇಟು ಬರುವವರನ್ನು ಒಳಗೆ ಬಿಟ್ಟು ಹೋಗುವವರನ್ನು ತಡೆಯುತ್ತದೆ. ಹೈವೇಯಿಂದ ಇಳಿಯುವ ರಸ್ತೆಯನ್ನು ವೇಗ ಇಳಿಸಲು ತಕ್ಕ ಹಾಗೆ, ಹತ್ತುವ ರಸ್ತೆಯನ್ನು ವೇಗ ಏರಿಸಲು ತಕ್ಕ ಹಾಗೆ ಕಟ್ಟಿರುತ್ತಾರೆ. ಬದಿ ತಿರುಗಿದರೆ ಇಳಿಯುವುದೇ ಹತ್ತುವುದಾಗುತ್ತದೆ. ರೌಂಡಬೌಟಿನ ಮೂಲೆ, ಸಿಗ್ನಲ್ ಕಂಬ, ಟೋಲ್ ಕಟ್ಟುವ ಕಿಟಕಿ, ಎಲ್ಲವೂ ಒಂದು ಬದಿಯನ್ನು ನಂಬಿಕೊಂಡು ನಿಂತಿವೆ. ರಸ್ತೆ ಜಾಲ ದಟ್ಟವಾದಷ್ಟೂ ತಿರುಗಿಸುವುದು ಕಷ್ಟ. ಸ್ವೀಡನ್ನಿಗೆ ಈ ಹೆದರಿಕೆ ಇತ್ತು. ಅಲ್ಲಿ ಗಾಡಿಗಳು ಕೆಲವೇ ವರ್ಷಗಳಲ್ಲಿ 5 ಲಕ್ಷದಿಂದ 15 ಲಕ್ಷಕ್ಕೆ ಏರಿದ್ದವು, 1975ರ ಹೊತ್ತಿಗೆ 28 ಲಕ್ಷ ಆಗಬಹುದು ಅಂತ ಅಂದಾಜಿತ್ತು. ಈಗ ಬಿಟ್ಟರೆ ಮುಂದೆ ಆಗದು ಅಂದುಕೊಂಡೇ ಅವರು ಮುಂದಾದರು. ಬ್ರಿಟನ್ 1960ರ ದಶಕದ ಕೊನೆಗೆ ಇದೇ ವಿಷಯವನ್ನು ಪರಿಶೀಲಿಸಿ, ಖರ್ಚು ಮತ್ತು ಅಪಾಯ ನೋಡಿ ಕೈಬಿಟ್ಟಿತು. ಅದು ದ್ವೀಪ, ರಸ್ತೆ ಗಡಿ ದಾಟುವ ಒತ್ತಡ ಅದಕ್ಕಿರಲಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನಗೆ ಅನಿಸುತ್ತದೆ.

ಬಸ್ಸು ಎಲ್ಲಕ್ಕಿಂತ ಕಷ್ಟ. ಕಾರಿಗೆ ಎರಡೂ ಕಡೆ ಬಾಗಿಲಿದೆ, ಬಸ್ಸಿಗೆ ಒಂದೇ ಕಡೆ. ಸ್ವೀಡನ್ ಸುಮಾರು 1,000 ಹೊಸ ಬಸ್ಸು ಕೊಂಡು, ಇನ್ನೂ ಸುಮಾರು 8,000 ಬಸ್ಸುಗಳಿಗೆ ಬಲಗಡೆ ಬಾಗಿಲು ಕೊರೆಸಿತು. ಆಗದ ಕೆಲವು ಬಸ್ಸುಗಳನ್ನು ಎಡಕ್ಕೆ ಓಡುವ ಪಾಕಿಸ್ತಾನ, ಕೀನ್ಯಾಗಳಿಗೆ ಮಾರಿತು. ಸ್ಟಾಕ್‌ಹೋಮಿನಲ್ಲಿ ಬಹುತೇಕ ಟ್ರಾಮ್ ಮಾರ್ಗಗಳನ್ನೇ ಮುಚ್ಚಿದರು. ದುಡ್ಡಿದ್ದ ದೇಶ, ಮಾಡಿತು. ಸಮೋವಾದಲ್ಲಿ ಬಸ್ ಓಡಿಸುತ್ತಿದ್ದವರು ಹೆಚ್ಚಾಗಿ ಸಣ್ಣ ಮಾಲೀಕರು. ಬಾಗಿಲು ಬದಲಿಸುವ ಖರ್ಚು ಯಾರದ್ದು ಅಂತ ಅವರು ಕೇಳಿದರು, ಬಾಗಿಲು ರಸ್ತೆಯ ನಡುವಿಗೆ ತೆರೆಯುತ್ತದೆ ಅಂತ ಪ್ರತಿಭಟಿಸಿದರು. ಆ ಪ್ರಶ್ನೆ ನ್ಯಾಯದ್ದು. ಕಾರು ತರಿಸುವವರಿಗೆ ಲಾಭವಾಗುವ ಬದಲಾವಣೆಯ ಬಿಲ್ಲನ್ನು ಬಸ್ಸಿನವನು ಯಾಕೆ ಕಟ್ಟಬೇಕು? ಅವನು ಕಟ್ಟಲಾಗದೆ ಬಾಗಿಲು ಹಾಗೇ ಬಿಟ್ಟರೆ ಅದರ ಬೆಲೆ ಇಳಿಯುವ ಪ್ರಯಾಣಿಕನ ಮೇಲೆ.

ಇನ್ನೂ ಹಿಂದೆ ಹೋದರೆ ಮನಸ್ಸು ಹಿಂಡುವ ಸಂಗತಿ ಒಂದಿದೆ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ 1923ರ ಏಪ್ರಿಲ್ 15ರಂದು ಎಡದಿಂದ ಬಲಕ್ಕೆ ಬಂತು. ಅಲ್ಲಿನ ಲೂನೆನ್‌ಬರ್ಗ್ ಕಡೆ ರೈತರು ಎತ್ತಿನ ಗಾಡಿ ಓಡಿಸುತ್ತಿದ್ದರು. ಮನುಷ್ಯರಿಗೆ ಹೇಳಿದರೆ ಕಲಿಯುತ್ತಾರೆ, ಎತ್ತುಗಳಿಗೆ ಹೇಳುವುದು ಹೇಗೆ? ವರ್ಷಗಟ್ಟಲೆ ಎಡಕ್ಕೆ ನಡೆದು ಪಳಗಿದ ಎತ್ತುಗಳು ಬಲಕ್ಕೆ ಬರಲೇ ಇಲ್ಲ. ರೈತರು ಅವನ್ನು ಕಟುಕರಿಗೆ ಮಾರಬೇಕಾಯಿತು. ಮಾಂಸದ ಬೆಲೆ ಎಷ್ಟು ಇಳಿಯಿತೆಂದರೆ ಆ ವರ್ಷವನ್ನು ಅಲ್ಲಿ ಬಿಟ್ಟಿ ದನದ ಮಾಂಸದ ವರ್ಷ ಅಂತ ನೆನೆಯುತ್ತಾರೆ. ಜೊತೆಗೆ ದುಡಿದ ಜೋಡಿಯನ್ನು ಹೀಗೆ ಕಳಿಸಿಕೊಟ್ಟ ರೈತನ ಹೆಸರು ಯಾವ ಸರ್ಕಾರಿ ಲೆಕ್ಕಪತ್ರದಲ್ಲೂ ನನಗೆ ಕಂಡಿಲ್ಲ. ಕಾರಿನವರಿಗೆ ಅನುಕೂಲವಾಯಿತು, ಎತ್ತಿನವನ ಮನೆಯಲ್ಲಿ ಕೊಟ್ಟಿಗೆ ಖಾಲಿಯಾಯಿತು. ನಿಮ್ಮ ಯೋಜನೆಯಲ್ಲಿ ಎತ್ತು ಇಲ್ಲದಿರಬಹುದು. ಎತ್ತಿನ ಜಾಗದಲ್ಲಿ ಇವತ್ತು ಯಾರಿದ್ದಾರೆ ಅಂತ ಹುಡುಕಿ.

ಈಗ ಸ್ವೀಡನ್ನಿನ ಆ ದಿನದ ಬಗ್ಗೆ, ಯಾಕೆಂದರೆ ಎಲ್ಲ ಸರ್ಕಾರಗಳೂ ಅದನ್ನೇ ಮಾದರಿ ಅನ್ನುತ್ತವೆ. 1967ರ ಸೆಪ್ಟೆಂಬರ್ 3, ಭಾನುವಾರ. ಡಾಗೆನ್ ಎಚ್ ಅಂತ ಹೆಸರಿಟ್ಟಿದ್ದರು, ಎಚ್ ಅಂದರೆ ಅವರ ಭಾಷೆಯಲ್ಲಿ ಬಲಕ್ಕೆ ಇರುವ ಪದದ ಮೊದಲ ಅಕ್ಷರ. ನಡುರಾತ್ರಿ ಒಂದು ಗಂಟೆಯಿಂದ ಅಗತ್ಯದ ಗಾಡಿ ಬಿಟ್ಟು ಬೇರೆ ಗಾಡಿ ರಸ್ತೆಗಿಳಿಯುವಂತಿಲ್ಲ. 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತವು. ನಿಧಾನವಾಗಿ ಬಲಕ್ಕೆ ಸರಿದು ಮತ್ತೆ ನಿಂತವು. 5 ಗಂಟೆಗೆ ಹೊರಟವು. ಮಾರನೇ ದಿನ ಸೋಮವಾರ ದೇಶದಲ್ಲಿ ದಾಖಲಾದ ಅಪಘಾತ 125. ಹಿಂದಿನ ಸೋಮವಾರಗಳಲ್ಲಿ ಅದು 130ರಿಂದ 198ರ ನಡುವೆ ಇರುತ್ತಿತ್ತು. ಅವತ್ತಿನ ಅಪಘಾತಗಳಲ್ಲಿ ಒಂದು ಸಾವೂ ಇರಲಿಲ್ಲ.

ಈ ಅಂಕಿ ಹಿಡಿದು, ನೋಡಿ, ಬದಿ ಬದಲಿಸಿದರೆ ಅಪಘಾತ ಕಡಿಮೆಯಾಗುತ್ತದೆ ಅಂತ ನಿಮಗೆ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಜನ ಹೆದರಿ, ಎಚ್ಚರವಾಗಿ, ನಿಧಾನವಾಗಿ ಓಡಿಸಿದ್ದರಿಂದ ಕಡಿಮೆಯಾಯಿತು. ವೇಗದ ಮಿತಿಯನ್ನೂ ಇಳಿಸಿದ್ದರು. ಸುಮಾರು ಎರಡು ವರ್ಷದಲ್ಲಿ ಅಪಘಾತಗಳು ಹಳೆಯ ಮಟ್ಟಕ್ಕೆ ಮರಳಿದವು. ನಿಧಾನ ಮತ್ತು ಎಚ್ಚರದಿಂದ ಜೀವ ಉಳಿಯುವುದಾದರೆ ಅದನ್ನು ಯಾವ ಬದಿಯಲ್ಲಿದ್ದುಕೊಂಡೂ ಮಾಡಬಹುದಲ್ಲ! ಸುರಕ್ಷತೆಯ ಹೆಸರಲ್ಲಿ ಬದಿ ಬದಲಿಸುತ್ತೇವೆ ಅನ್ನುವವರು ಸ್ಟೀರಿಂಗ್ ಎಲ್ಲಿದೆ, ಗಡಿ ದಾಟುವ ಗಾಡಿ ಎಷ್ಟು ಅನ್ನುವುದನ್ನು ತೋರಿಸಲಿ. ಅದಿಲ್ಲದೆ ಸುಮ್ನೆ ಸುರಕ್ಷತೆ ಅಂದರೆ ಒಪ್ಪಬೇಡಿ. ಮರುವರ್ಷ, 1968ರ ಮೇ 26ರಂದು, ಐಸ್‌ಲೆಂಡ್ ಬಲಕ್ಕೆ ಬಂದಾಗ ಆ ದಿನ ಗಾಯಗೊಂಡವನು ಸೈಕಲ್ ಮೇಲಿದ್ದ ಒಬ್ಬ ಹುಡುಗ, ಕಾಲು ಮುರಿಯಿತು ಅಂತ ಓದಿದ್ದೇನೆ. ಎಷ್ಟು ಚೆನ್ನಾಗಿ ಮಾಡಿದರೂ ಪೆಟ್ಟು ಬಿದ್ದದ್ದು ಸೈಕಲ್ಲಿನವನಿಗೆ.

ಸ್ವೀಡನ್ನಿನಲ್ಲಿ ಇನ್ನೊಂದು ಮಾತಿದೆ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. 1955ರಲ್ಲಿ ಜನರನ್ನೇ ಕೇಳಿದ್ದರು. ಸುಮಾರು ನೂರಕ್ಕೆ 83 ಮಂದಿ ಬೇಡ ಅಂದರು. 1963ರಲ್ಲಿ ಸಂಸತ್ತು ಬೇಕು ಅಂತ ತೀರ್ಮಾನಿಸಿತು. ನೆರೆಹೊರೆ, ಸ್ಟೀರಿಂಗ್, ಏರುತ್ತಿದ್ದ ಗಾಡಿಗಳ ಸಂಖ್ಯೆ ನೋಡಿದರೆ ಸಂಸತ್ತಿನ ತೀರ್ಮಾನ ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಜನರ ಬೇಡವನ್ನು ದಾಟಿ ಹೋದ ಮೇಲೆ ಅವರಿಗೆ ಉತ್ತರ ಕೊಡುವ ಹೊಣೆ ಇರುತ್ತದೆ, ಅಲ್ವಾ? ಸ್ವೀಡನ್ ಆ ಹೊಣೆಯನ್ನು ಹೊತ್ತಿತು. ನಾಲ್ಕು ವರ್ಷ ತಯಾರಿ ನಡೆಸಿತು, ಮನೆಮನೆಗೆ ಕೈಪಿಡಿ ಕಳಿಸಿತು, ಹಾಲಿನ ಪೊಟ್ಟಣದ ಮೇಲೂ ಗುರುತು ಹಾಕಿಸಿತು. ನೀವು ಜನರ ವಿರೋಧದ ನಡುವೆ ಹೊರಟಿದ್ದರೆ ಅಷ್ಟು ಮಾಡುವ ಶಕ್ತಿ, ದುಡ್ಡು, ತಾಳ್ಮೆ ಇದೆಯಾ ಅಂತ ಮೊದಲು ಕೇಳಿಕೊಳ್ಳಿ.

ಹಂತ ಹಂತವಾಗಿ ಮಾಡೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಆಸ್ಟ್ರಿಯಾ ನೆನಪಿಸಿ. ಈ ಕೆಲಸ ಒಂದೇ ರಾತ್ರಿಯಲ್ಲಿ ಆಗಬೇಕು, ಸಾಧ್ಯವಾದರೆ ಜನ ಕೆಲಸಕ್ಕೆ ಹೋಗದ ದಿನ. ಸಮೋವಾ ಎರಡು ದಿನ ರಜೆ ಕೊಟ್ಟು ಮೂರು ದಿನ ಮದ್ಯ ಮಾರಾಟ ನಿಲ್ಲಿಸಿತು, ವೇಗದ ಮಿತಿ ಇಳಿಸಿತು. ಈ ಮುನ್ನೆಚ್ಚರಿಕೆ ನನಗೆ ಬಹಳ ಇಷ್ಟವಾಯಿತು.

ಮತ್ತೆ, ಬದಲಿಸದೆಯೂ ಬದುಕಬಹುದು. ಥಾಯ್ಲೆಂಡ್ ಎಡ, ಲಾವೋಸ್ ಬಲ. 1994ರಿಂದ ಮೆಕಾಂಗ್ ನದಿಯ ಮೇಲಿನ ಸೇತುವೆಯಲ್ಲಿ ಗಾಡಿಗಳು ಎಡಕ್ಕೇ ಓಡಿ, ಲಾವೋಸ್ ದಡದ ಹತ್ತಿರ ಬದಿ ಬದಲಿಸುತ್ತವೆ. ಮಕಾವ್‌ನಿಂದ ಚೀನಾಕ್ಕೆ ಹೋಗುವ ಲೋಟಸ್ ಸೇತುವೆಯ ತುದಿಯಲ್ಲಿ ರಸ್ತೆ ಸುತ್ತು ಹಾಕಿ ಒಂದರ ಕೆಳಗೆ ಒಂದು ತೂರಿ ಹೋಗುವ ಹಾಗೆ ಕಟ್ಟಿದ್ದರು, ಚಾಲಕನಿಗೆ ತಿಳಿಯುವ ಮುಂಚೆಯೇ ಬದಿ ಬದಲಾಗಿರುತ್ತಿತ್ತು. ಗಡಿಯಲ್ಲಿ ನಾಲ್ಕಾರು ದಾಟುವ ಜಾಗ ಮಾತ್ರ ಇದ್ದರೆ ಅಲ್ಲಿ ಇಂಥದ್ದೊಂದು ಕಟ್ಟುವುದು ಇಡೀ ದೇಶ ತಿರುಗಿಸುವುದಕ್ಕಿಂತ ಎಷ್ಟೋ ಅಗ್ಗ. ಗಡಿ ಉದ್ದಕ್ಕೂ ನೂರಾರು ರಸ್ತೆ ದಾಟುತ್ತಿದ್ದರೆ, ಗಾಡಿಗಳ ಸ್ಟೀರಿಂಗ್ ಕೂಡ ನೆರೆಯವರ ಬದಿಗೇ ಇದ್ದರೆ, ಆಗ ಬದಲಿಸುವ ಮಾತಿಗೆ ತೂಕ ಬರುತ್ತದೆ. ನಾನು ಬದಲಾವಣೆಯ ವಿರೋಧಿಯಲ್ಲ. ಸ್ವೀಡನ್, ನೈಜೀರಿಯಾ, ಘಾನಾ ಮಾಡಿದ್ದನ್ನು ಅವರ ಜಾಗದಲ್ಲಿದ್ದರೆ ನಾನೂ ಒಪ್ಪುತ್ತಿದ್ದೆ.

ನನ್ನ ಕೋರಿಕೆ ಮೂರ್ನಾಲ್ಕು ಸಾಲಿನದ್ದು. ದಿನಾಂಕ ಘೋಷಿಸುವ ಮುಂಚೆ ಕಾರಣವನ್ನು ಜನರ ಮಾತಿನಲ್ಲಿ, ಒಂದು ಪುಟದಲ್ಲಿ ಪ್ರಕಟಿಸಿ. ಯಾರಿಗೆ ಲಾಭ, ಯಾರಿಗೆ ಖರ್ಚು ಅಂತ ಅದರಲ್ಲೇ ಬರೆಯಿರಿ. ಹೆಡ್‌ಲೈಟ್ ಬದಲಿಸುವ ಖರ್ಚನ್ನು ಸಣ್ಣ ಗಾಡಿಯವರ ತಲೆ ಮೇಲೆ ಹಾಕಬೇಡಿ. ಶಾಲೆಗಳ ಮುಂದೆ, ಆಸ್ಪತ್ರೆಗಳ ಮುಂದೆ, ಮುದುಕರು ದಾಟುವ ಕಡೆ ಕೈಹಿಡಿದು ದಾಟಿಸುವವರನ್ನು ಮೊದಲ ದಿನಕ್ಕೆ ಮಾತ್ರ ನಿಲ್ಲಿಸಿ ಕರೆಸಿಕೊಳ್ಳಬೇಡಿ, ತಿಂಗಳುಗಟ್ಟಲೆ ನಿಲ್ಲಿಸಿ, ಕುತ್ತಿಗೆ ಹೊಸ ಕಡೆಗೆ ತಿರುಗಲು ಅಷ್ಟು ಕಾಲ ಬೇಕು. ನನ್ನನ್ನು ಹಿಂದಕ್ಕೆ ಎಳೆದಂಥ ಒಬ್ಬರು ಪ್ರತಿ ಅಂಚಿನಲ್ಲೂ ಬೇಕು.

ಮತ್ತು ಬಸ್ಸುಗಳ ಪಟ್ಟಿ ಮಾಡಿಸಿ. ಊರೂರಿನ ಬಸ್ಸು, ಶಾಲೆಯ ಬಸ್ಸು, ಕಾರ್ಖಾನೆಗೆ ಜನ ಒಯ್ಯುವ ಬಸ್ಸು. ಎಷ್ಟಕ್ಕೆ ಬಾಗಿಲು ಹೊಸ ಬದಿಗೆ ಬಂದಿದೆ, ಎಷ್ಟಕ್ಕೆ ಬಾಕಿ ಅಂತ ವಾರಕ್ಕೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಬಾಕಿ ಇರುವ ಬಸ್ಸಿನ ಸಂಖ್ಯೆ ಸೊನ್ನೆಗೆ ಬಂದ ಮೇಲೆ ದಿನಾಂಕ ಹೇಳಿ, ನಾನೂ ಅವತ್ತು ಬೆಳಿಗ್ಗೆ ಐದಕ್ಕೆ ಎದ್ದು ನಿಲ್ದಾಣಕ್ಕೆ ಬರುತ್ತೇನೆ.

ಇಂತಿ,
ರಸ್ತೆ ದಾಟುವ ಒಬ್ಬ ಮನುಷ್ಯ